ತಪಾಸಣೆಯ ಹದಿನೈದು ದಿನ

ಡಿಪೋದಲ್ಲಿ ಅವನ ಅಡ್ಡಹೆಸರು ‘ನೂರಿಪ್ಪತ್ತು’. ಚಾಲಕರ ವಾರ್ಷಿಕ ತಪಾಸಣೆಯಲ್ಲಿ ಕಳೆದ ಹನ್ನೊಂದು ವರ್ಷ ಅವನ ಬಿಪಿ ಅದರ ಆಚೆ ಹೋಗಿದ್ದೇ ಇಲ್ಲ. ಹೋಗುವುದಾದರೂ ಹೇಗೆ? ತಪಾಸಣೆಗೆ ಹದಿನೈದು ದಿನ ಇರುವಾಗ ಮಾತ್ರೆ ಶುರು, ವೈದ್ಯರ ಸಹಿ ಬಿದ್ದ ಸಂಜೆಗೇ ಬಂದ್. ಅರ್ಧ ಡಿಪೋ ಇದೇ ದಾರಿ ಹಿಡಿದಿತ್ತು. ಒಡಹುಟ್ಟಿದ ತಮ್ಮನೂ ಅಲ್ಲೇ ಚಾಲಕನಾಗಿ ಸೇರಿದಾಗ ಅವನಿಗೂ ಈ ವಿದ್ಯೆಯನ್ನು ಧಾರೆ ಎರೆದವನು ಇವನೇ.

ಈ ವರ್ಷ ಮನೆಯ ಮೆಟ್ಟಿಲು ಹತ್ತುವಾಗ ಎದೆ ಹಿಂಡತೊಡಗಿತು. ನಡುವೆ ಬಗ್ಗಿ ನಿಂತು, ಲೇಸ್ ಕಟ್ಟುತ್ತಿದ್ದೇನೆ ಎಂದು ಹೆಂಡತಿಗೆ ಸಬೂಬು ಹೇಳಿದ.

“ಚಪ್ಪಲಿಗೆ ಯಾವ ಲೇಸ್ ರೀ?” ಎಂದವಳೇ ಆಸ್ಪತ್ರೆಗೆ ಹೊರಡಿಸಿದಳು.

ಆಂಜಿಯೋಗ್ರಾಂನಲ್ಲಿ ಎಲ್ಲೂ ಅಡಚಣೆ ಇರಲಿಲ್ಲ. ಜೊತೆಗೆ ಬಂದಿದ್ದ ತಮ್ಮ ಅಷ್ಟು ಕೇಳಿ, ಬಾಗಿಲಲ್ಲೇ ಇವನ ಬೆನ್ನು ತಟ್ಟಿ ಫೋನ್ ಮಾಡಲು ಹೊರಗೆ ಹೋದ. ವೈದ್ಯೆ ಇವನನ್ನು ಕೂರಿಸಿದರು.

“ಇದರಲ್ಲಿ ಕಾಣೋದು ದೊಡ್ಡ ರಕ್ತನಾಳಗಳು ಮಾತ್ರ. ನಿಮಗೆ ತೊಂದರೆ ಇರೋದು ಸಣ್ಣವುಗಳಲ್ಲಿ. ವರ್ಷಗಟ್ಟಲೆ ಬಿಪಿಯ ಒತ್ತಡ ತಡೆದು ಅವುಗಳ ಗೋಡೆ ದಪ್ಪ ಆಗಿದೆ, ಕೆಲವು ಇಲ್ಲವೇ ಆಗಿವೆ. ಕೂತಾಗ ಹೃದಯಕ್ಕೆ ರಕ್ತ ಸಾಲುತ್ತೆ, ಮೆಟ್ಟಿಲು ಹತ್ತಿದ್ರೆ ಸಾಲಲ್ಲ.”

“ಮಾತ್ರೆ ತಗೊಂಡಿದ್ನಲ್ಲ ಮೇಡಂ.”

“ವರ್ಷಕ್ಕೆ ಹದಿನೈದು ದಿನ ಅಂತ ನೀವೇ ಹೇಳಿದ್ರಲ್ಲ. ದಿನಾ ತಗೊಂಡಿದ್ರೆ ಇಷ್ಟಾಗ್ತಿರಲಿಲ್ಲ. ಈಗಲೂ ಬಿಡದೆ ತಗೊಂಡ್ರೆ ಸ್ವಲ್ಪ ಸುಧಾರಿಸಬಹುದು. ಬಸ್ಸು ಮಾತ್ರ ಸದ್ಯಕ್ಕೆ ಬೇಡ.”

ಹತ್ತೊಂಬತ್ತು ವರ್ಷ ಹಿಡಿದ ಸ್ಟೀರಿಂಗ್ ಕೈತಪ್ಪಿತು. ಅಳು ಬರಬೇಕಿತ್ತು, ಸಿಟ್ಟಾದರೂ ಬರಬೇಕಿತ್ತು. ಎರಡೂ ಬರಲಿಲ್ಲ. ಮೇಜಿನ ಮೇಲಿದ್ದ ಪೆನ್ನಿಗೆ ಮುಚ್ಚಳ ಇಲ್ಲವಲ್ಲ ಎಂದಷ್ಟೇ ಹೊಳೆಯಿತು.

ಮನೆಯಲ್ಲಿ ತಮ್ಮನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ.

“ಚಿತ್ರದಲ್ಲೇ ಕಾಣದ ಕಾಯಿಲೆ ಯಾವುದಣ್ಣ ಅದು? ಹೆದರಿಸ್ತಾರೆ ಅಷ್ಟೆ,” ಎಂದು ತಮ್ಮ ನಕ್ಕ. ಮುಂದಿನ ವಾರವೇ ತಪಾಸಣೆ ಇತ್ತು. ಅವನ ಮಾತ್ರೆ ಆಗಲೇ ಶುರುವಾಗಿತ್ತು, ಮುಗಿಯುವ ದಿನವೂ ಗೊತ್ತಿತ್ತು.

ಆ ದಿನ ಸಾಲಿನಲ್ಲಿ ಅಣ್ಣನ ಹಿಂದೆಯೇ ತಮ್ಮ ನಿಂತಿದ್ದ. ಅಣ್ಣ ಆಸ್ಪತ್ರೆಯ ಕಾಗದವನ್ನು ಡಿಪೋ ವೈದ್ಯರ ಮುಂದಿಟ್ಟ. ಆಮೇಲೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು.

“ಇವನು ನನ್ನ ತಮ್ಮ ಸಾರ್. ಇವನದ್ದನ್ನ ಇವತ್ತು ನೋಡ್ಬೇಡಿ. ಮಾತ್ರೆ ಬಿಡಿಸಿ, ತಿಂಗಳು ಕಳೆದ ಮೇಲೆ ನೋಡಿ.”

ಸಾಲಿನಲ್ಲಿದ್ದ ಮೂರನೆಯವನ ಬಾಯಲ್ಲಿ ಅದೇ ತಾನೇ ಹಾಕಿಕೊಂಡ ಮಾತ್ರೆ ಇತ್ತು. ನುಂಗುವುದೋ ಉಗುಳುವುದೋ ತಿಳಿಯದೆ ಅವನು ಪಿಳಿಪಿಳಿ ನೋಡಿದ.

ತಿಂಗಳ ನಂತರ ತಮ್ಮನ ಬಿಪಿ ನೂರ ಎಂಬತ್ತು ದಾಟಿತ್ತು. ಅವನನ್ನೂ ಬಸ್ಸಿನಿಂದ ಇಳಿಸಿದರು. ಈಗ ಅಣ್ಣ ಗಾಜಿನ ಗೂಡಿನಲ್ಲಿ ಕೂತು ಮೈಕಿನಲ್ಲಿ ಬಸ್ಸುಗಳ ಹೊತ್ತು ಕೂಗುತ್ತಾನೆ, ತಮ್ಮ ಎದುರಿನ ಶೆಡ್ಡಿನಲ್ಲಿ ಟಯರ್ ಲೆಕ್ಕ ಬರೆಯುತ್ತಾನೆ. ಊಟದ ಹೊತ್ತಿಗೆ ಅಣ್ಣ ಬಂದರೆ ತಮ್ಮ ಎದ್ದು ಹೋಗುತ್ತಾನೆ.

ಒಂದು ಭಾನುವಾರ ತಮ್ಮನ ಹೆಂಡತಿ ಅಣ್ಣನ ಮನೆಗೆ ಬಂದಳು. “ಭಾವ, ನಿಮ್ಮ ಹೆಸರು ಎತ್ತಿದ್ರೆ ಉರಿದು ಬೀಳ್ತಾರೆ. ಆದ್ರೆ ಬೆಳಿಗ್ಗೆ ಮಾತ್ರೆ ಒಂದು ದಿನಾನೂ ತಪ್ಪಿಸಿಲ್ಲ,” ಎಂದಳು.

ಅಣ್ಣ ತಲೆ ಆಡಿಸಿದ. ಅವಳು ಹೋದ ಮೇಲೆ ಅಳು ಬಂತು.