ಲಕ್ಷ್ಮಿಗೆ ಜರಿ ಅಂಟಿಸಿದ ತಾತ

ತಾತನ ಬಲಗೈ ಹೆಬ್ಬೆರಳಿನ ಉಗುರು ಪಾಲಿಷ್ ಕುಡಿದು ಕುಡಿದು ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಯಾವ ಹಳೆಯ ಮರ ಬಂದರೂ ಆ ಹೆಬ್ಬೆರಳಿನಿಂದ ಉಜ್ಜಿ, ಮೂಸಿ ನೋಡಿ, ತೇಗವೋ ಹಲಸೋ ಹೇಳಿಬಿಡುತ್ತಿದ್ದರು. ನಾನು ಕಂಡಂತೆ ಒಮ್ಮೆಯೂ ತಪ್ಪಿದವರಲ್ಲ. ಆ ಹೆಮ್ಮೆ ಅವರಿಗೆ ತುಸು ಜಾಸ್ತಿಯೇ ಇತ್ತು.

ಅವರು ನನಗೆ ಯಾವ ಬಗೆಯಲ್ಲೂ ನೆಂಟರಲ್ಲ. ಶ್ರೀನಿವಾಸಪುರದ ಕಡೆಯಿಂದ ಬಂದು ಕೋಲಾರದಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟಿದ್ದರು. ನಾನು ಮದುವೆಯಾಗಿ ಕೋಲಾರಕ್ಕೆ ಬಂದು ನರಸಾಪುರದಲ್ಲಿ ಕೆಲಸಕ್ಕೆ ಸೇರಿದೆ. ಕಂಪನಿ ಬಸ್ಸು ನಿಲ್ಲುತ್ತಿದ್ದದ್ದು ಅವರ ಅಂಗಡಿಯ ಮುಂದೆ. ಮಧ್ಯಾಹ್ನದ ಬಿಸಿಲಲ್ಲಿ ನಿಂತವಳನ್ನು ಮೊದಲ ವಾರವೇ ಒಳಗೆ ಕರೆದು ಕೂರಿಸಿದರು. ಆರು ವರ್ಷ ಬಸ್ಸಿಗೆ ಕಾಯುವ ನೆಪದಲ್ಲಿ ಅವರ ಕುರ್ಚಿಗಳನ್ನೆಲ್ಲ ಸವೆಸಿದೆ.

ಬೆಂಗಳೂರಿನಿಂದ ಕಾರಿನಲ್ಲಿ ಬಂದವರು ಫೋನ್ ಹಿಡಿದು ಫೋಟೋ ತೆಗೆಯುತ್ತ ಸುತ್ತಿದರೆ ತಾತನಿಗೆ ಸರಿಬರುತ್ತಿರಲಿಲ್ಲ. "ಕುರ್ಚೀನ ನಿಂತ್ಕೊಂಡು ಕೊಳ್ತಾರೇನ್ರಿ? ಕೂತ್ಕಳಿ ಮೊದ್ಲು" ಅನ್ನುತ್ತಿದ್ದರು. ತೂಗುದೀಪವನ್ನಂತೂ ಎಣ್ಣೆ ಹಾಕಿ ಉರಿಸಿ ತೋರಿಸದೆ ಮಾರುತ್ತಿರಲಿಲ್ಲ. ಒಬ್ಬ ಹೋಟೆಲಿನವನು ಇದೆಲ್ಲ ಬೇಡ, ಸುಮ್ಮನೆ ಅಲಂಕಾರಕ್ಕೆ ನೇತುಹಾಕುತ್ತೇವೆ ಅಂದದ್ದೇ ತಡ, ದೀಪವನ್ನು ಅವನ ಕೈಯಿಂದ ತೆಗೆದುಕೊಂಡು ವಾಪಸು ಕೊಂಡಿಗೆ ಸಿಕ್ಕಿಸಿಬಿಟ್ಟರು. ಇಂಥ ಹಟಮಾರಿ ಹೇಗಪ್ಪಾ ವ್ಯಾಪಾರ ಮಾಡಿ ಬದುಕಿದರು ಎಂದು ನನಗೆ ಈಗಲೂ ಆಶ್ಚರ್ಯ.

ಒಂದು ದಿನ ನಾನು ಒಳಗೆ ಕಾಲಿಡುವ ಮೊದಲೇ ಕೈ ಬೀಸಿ ಕರೆದರು. ಗೋಡೆಗೆ ಒಂದು ಹಳೆಯ ಲಕ್ಷ್ಮಿಯ ಪಟ ಒರಗಿತ್ತು. ತಾತನ ಮುಖ ಅರಳಿತ್ತು.

"ನೋಡಮ್ಮ, ಎಂಥಾ ಲಕ್ಷ್ಮಿ ಸಿಕ್ಕವ್ಳೆ. ಯಾರೋ ಮೈತುಂಬಾ ಬಟ್ಟೆ, ಜರಿ ಮೆತ್ತಿ ಹಾಳ್ ಮಾಡಿದ್ರು. ಎಲ್ಲಾ ಕಿತ್ತು, ಒರೆಸಿ ಚೊಕ್ಕ ಮಾಡ್ದೆ."

ಪಟದ ಕೆಳಗಿನ ತಾವರೆಯ ಮೇಲೆ ಊದುಬತ್ತಿ ತಗುಲಿ ಸುಟ್ಟ ಕಲೆಯಿತ್ತು. ಅದು ನಾನು ಚಿಕ್ಕವಳಿದ್ದಾಗ ಮಾಡಿದ ಕಲೆ. ನನ್ನ ತವರು ಕ್ಯಾಲನೂರಿನಲ್ಲಿ ಅಣ್ಣ ಹೊಸ ಮನೆ ಕಟ್ಟುತ್ತಿದ್ದ. ಹಳೆಯ ಬಾಗಿಲು, ಬೀರುಗಳ ಜೊತೆ ಪಟವನ್ನೂ ಸಾಗಹಾಕಿದ್ದು ನನಗೆ ಗೊತ್ತೇ ಇರಲಿಲ್ಲ.

"ಆ ಯಾರೋ ನಮ್ಮಮ್ಮ, ತಾತ" ಅಂದೆ.

ನನಗೆ ಏಳು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ತನ್ನ ಮದುವೆ ಸೀರೆ ಹರಿದಾಗ ಅದರ ಅಂಚು ಕತ್ತರಿಸಿ, ನೆರಿಗೆ ಹಿಡಿದು, ಲಕ್ಷ್ಮಿಗೆ ಸೀರೆ ಉಡಿಸಿದ್ದಳು. ಕೊರಳಿಗೆ ಚಮಕಿ, ಸೊಂಟಕ್ಕೆ ಮಣಿ. ಅಮ್ಮನ ಕೈಯಿಂದಾದದ್ದು ಅಂತ ಈ ಲೋಕದಲ್ಲಿ ಉಳಿದಿದ್ದದ್ದು ಅದೊಂದೇ. ಅದನ್ನೆಲ್ಲ ಹೇಳಿ ಅತ್ತುಬಿಟ್ಟೆ. ಕಿತ್ತ ಜರಿ ಎಲ್ಲಿ ಎಂದು ಕೇಳಿದೆ. ಹಳೇ ಜರಿ ಸುಟ್ಟು ಬೆಳ್ಳಿ ತೆಗೆಯುವವನು ಬೆಳಿಗ್ಗೆ ತಾನೇ ಒಯ್ದಿದ್ದ. ತಾತ ಬಾಗಿಲ ಚೌಕಟ್ಟು ಹಿಡಿದುಕೊಂಡು, "ತಪ್ಪೈಪೋಯಿಂದಮ್ಮಾ" ಎಂದರು. ತಪ್ಪಾಗಿಹೋಯಿತಮ್ಮ ಅಂತ; ಮನಸ್ಸು ಕದಡಿದರೆ ಅವರಿಗೆ ತೆಲುಗೇ ಬರುತ್ತಿದ್ದದ್ದು. ನಾನು ಹೋಗಿ ಬಸ್ಸು ಹತ್ತಿದೆ.

ಮರುದಿನ ಅಂಗಡಿ ಮುಚ್ಚಿತ್ತು. ಯುಗಾದಿಯ ದಿನವೂ ತೆಗೆದಿರುತ್ತಿದ್ದ ಅಂಗಡಿ. ಸಿಟ್ಟಿನಲ್ಲಿದ್ದ ನನಗೂ ದಿಗಿಲಾಯಿತು. ಅದರ ಮಾರನೆಯ ದಿನ ತಾತ ಬಸ್ಸು ನಿಲ್ಲುವಲ್ಲಿಗೇ ಬಂದು ಕಾಗದದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟರು. ಆ ಜರಿಯವನನ್ನು ಹುಡುಕುತ್ತ ಮಾಲೂರಿನವರೆಗೂ ಅಲೆದಿದ್ದರಂತೆ. ಅವನು ಆಗಲೇ ಒಂದು ಹಿಡಿ ಬೆಂಕಿಗೆ ಹಾಕಿದ್ದನಂತೆ. ಉಳಿದದ್ದನ್ನು ಚೀಲ ಸುರಿದು ಆರಿಸಿ ತಂದಿದ್ದರು. ಭಾನುವಾರ ಅಂಗಡಿಗೆ ಬಾ ಎಂದರು.

ಆ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ನಾವಿಬ್ಬರೂ ಪಟದ ಮುಂದೆ ಕೂತಿದ್ದೆವು. ಯಾವ ಚೂರು ಎಲ್ಲಿತ್ತೆಂದು ನನಗೆ ನೆನಪಿರಲಿಲ್ಲ. ಪಟವನ್ನು ಬೆಳಕಿಗೆ ತಿರುಗಿಸಿ ತಾತನೇ ತೋರಿಸಿದರು. ಜರಿ ಮುಚ್ಚಿಕೊಂಡಿದ್ದ ಕಡೆ ಬಣ್ಣ ಹೊಸದರಂತೆ ಉಳಿದಿತ್ತು, ಮಿಕ್ಕಲ್ಲೆಲ್ಲ ಮಾಸಿತ್ತು. "ನೋಡು, ಇಲ್ಲಿ ಬಿಸ್ಲು ಬಿದ್ದಿಲ್ಲ. ನಿಮ್ಮಮ್ಮ ಇಲ್ಲಿಗೇ ಅಂಟಿಸವ್ಳೆ" ಎನ್ನುತ್ತ ಆ ಗೆರೆಗೆ ಸರಿಯಾಗಿ ಒಂದೊಂದೇ ಚೂರನ್ನು ಮೈದಾ ಗಂಜಿಯಲ್ಲಿ ಕೂರಿಸಿದರು. ನನ್ನ ಸಿಟ್ಟು ಯಾವಾಗ ಇಳಿಯಿತೋ ನನಗೇ ತಿಳಿಯಲಿಲ್ಲ.

ಎಡ ಹೆಗಲ ಮೇಲಿನ ಸೆರಗು ಮಾತ್ರ ಸುಟ್ಟುಹೋಗಿತ್ತು. ನನ್ನ ಸೀರೆಯ ಅಂಚು ಕತ್ತರಿಸಿ ತರುತ್ತೇನೆ, ಹಾಕಿಬಿಡೋಣ ಎಂದೆ. ತಾತ ಒಪ್ಪಲಿಲ್ಲ.

"ಬ್ಯಾಡಮ್ಮ. ಅದು ನಾನ್ ಮಾಡಿದ್ ತಪ್ಪು. ಮುಚ್ಬ್ಯಾಡ, ಕಾಣ್ಲಿ ಬಿಡು."

ಅಂದಿನಿಂದ ಯಾವ ಪಟ ಬಂದರೂ, ಕೊಟ್ಟ ಮನೆಯವರನ್ನು ಕೇಳದೆ ಅದರ ಒಂದು ಎಳೆಯನ್ನೂ ಅವರು ಕೀಳಲಿಲ್ಲ.

ತಾತ ಹೋದ ವರ್ಷ ತೀರಿಕೊಂಡರು. ಸುದ್ದಿ ಸಿಕ್ಕಾಗ ನಾನು ಕೆಲಸದಲ್ಲಿದ್ದೆ, ಮಣ್ಣಿಗೂ ಹೋಗಲಾಗಲಿಲ್ಲ. ಆ ಸಂಕಟ ಇನ್ನೂ ಇದೆ. ಅಮ್ಮನನ್ನು ಕಳೆದವರೂ ಅವರೇ, ಹುಡುಕಿ ತಂದವರೂ ಅವರೇ. ಅಂಥವರನ್ನು ಏನೆಂದು ಕರೆಯುತ್ತಾರೋ ನಾನರಿಯೆ.

ಪಟವನ್ನು ನಮ್ಮ ಮನೆಗೆ ತಂದು ಗಾಜು ಹಾಕಿಸಿದ್ದೇನೆ. ಶುಕ್ರವಾರ ಅದನ್ನು ಒರೆಸುವಾಗ ಮಗಳು ಕೇಳುತ್ತಾಳೆ, ಲಕ್ಷ್ಮಿಯ ಈ ಹೆಗಲು ಯಾಕೆ ಬರಿದಾಗಿದೆ ಎಂದು. ಉಳಿದದ್ದೆಲ್ಲ ನಿನ್ನ ಅಜ್ಜಿ ಉಡಿಸಿದ್ದು ಕಣೇ, ಅಷ್ಟು ಜಾಗ ಮಾತ್ರ ತಾತನದು ಎನ್ನುತ್ತೇನೆ.