ಅರ ಪೊಕ್ಕದ ಜಗಲಿ

ಅತ್ತೆಯನ್ನು ನೀರಿಗಿಳಿಸುವುದಕ್ಕಿಂತ ಹೈಕೋರ್ಟಿನಲ್ಲಿ ಕೇಸು ಗೆಲ್ಲುವುದು ಸುಲಭ ಎಂದು ನನ್ನ ಗಂಡ ಹೇಳುತ್ತಿದ್ದರು. ಅವರು ಸರ್ಕಾರಿ ವಕೀಲರು, ಎರಡರ ಕಷ್ಟವೂ ಅವರಿಗೆ ಗೊತ್ತಿತ್ತು.

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳವು. ನಾವು ಕೊಚ್ಚಿಯ ಕಲೂರಿನಲ್ಲಿದ್ದೆವು. ಕಾಸರಗೋಡಿನಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಕೂಡಿತು, ಹೆದರಿಕೆ ಮಾತ್ರ ಹೋಗಲಿಲ್ಲ. ನಡೆಯುವುದನ್ನೇ ಬಿಟ್ಟರು. ದಿನಾ ನೀರಿನಲ್ಲಿ ನಡೆಸಿ, ಕಾಲಿಗೆ ಭಾರ ಬೀಳುವುದಿಲ್ಲ, ಹೀಗೇ ಕೂತರೆ ಮುಂದೆ ಏಳುವುದೇ ಇಲ್ಲ ಎಂದರು ಡಾಕ್ಟರು. ಊರವರೆಲ್ಲ ಈಜುವ ಕೊಳಕ್ಕೆ ಹೋಗೋಣವೆಂದರೆ ಅತ್ತೆ ಸಿಡಿದರು. “ಅಷ್ಟು ಗಂಡಸರ ಎದುರು ನಾನು ನೀರಿಗೆ ಇಳಿಯುದಾ? ನಿಂಗೆ ಬೇರೆ ಕೆಲಸ ಇಲ್ವಾ ಮಾರಾಯ್ತಿ?”

ಊರು ಬಿಟ್ಟು ಹೊರಟಿದ್ದ ಸ್ನೇಹಿತರೊಬ್ಬರು ತಮ್ಮ ಮಕ್ಕಳ ಈಜುಕೊಳವನ್ನು ನಮಗೆ ಕೊಟ್ಟರು. ಅಗೆಯುವ ಕೆಲಸವಿಲ್ಲ. ಕಬ್ಬಿಣದ ಚೌಕಟ್ಟು, ನೀಲಿ ಪ್ಲಾಸ್ಟಿಕ್ಕು, ಎದೆಯೆತ್ತರದ ಗೋಡೆ. ಹಿತ್ತಿಲಲ್ಲಿ ನಿಲ್ಲಿಸಿ ನೀರು ತುಂಬಿದೆವು. ಅತ್ತೆ ಅದರ ಏಣಿಯನ್ನು ಅರ್ಧ ಹತ್ತಿ, ಮೇಲೂ ಹೋಗಲಾರದೆ ಕೆಳಗೂ ಬರಲಾರದೆ ನಡುಗತೊಡಗಿದರು. ಇಳಿಸಿಕೊಂಡ ಮೇಲೆ, “ಇನ್ನು ನನ್ನನ್ನು ಕರೀಬೇಡಿ, ಕುರ್ಚಿ ಸಾಕು ನಂಗೆ” ಎಂದರು. ಆ ಮಾತು ಕೇಳಿ ನನಗೆ ನಿಜಕ್ಕೂ ಭಯವಾಯಿತು.

ಕೊಳದ ಸುತ್ತ ಮರದ ಜಗಲಿ ಕಟ್ಟಿ, ಅದಕ್ಕೆ ಅಗಲ ಮೆಟ್ಟಿಲು ಮಾಡಿಸುವುದೆಂದು ನಿರ್ಧಾರವಾಯಿತು. ಗಂಡನಿಗೆ ಆಗ ತಿರುವನಂತಪುರದಲ್ಲಿ ಕೆಲಸ, ಶನಿವಾರ ರೈಲಿನಲ್ಲಿ ಬಂದರೆ ಬಂದರು. ಬಡಗಿಯ ಹತ್ತಿರ ಮಾತಾಡುವ ಭಾಗ್ಯ ನನ್ನದು. ನಾನು ಮೈಸೂರಿನವಳು, ನನ್ನ ಮಲಯಾಳ ‘ಮೀನು ಬೇಡ, ಬದನೆಕಾಯಿ ಸಾಕು’ ಅನ್ನುವಷ್ಟು. ಜಗಲಿ ಗೋಡೆಯ ಅರ್ಧ ಎತ್ತರ ಬಂದರೆ ಅತ್ತೆ ಹತ್ತುವುದು ಕಡಿಮೆಯಾಗುತ್ತದೆಂದು ಲೆಕ್ಕ ಹಾಕಿ, “ಅರ ಪೊಕ್ಕಂ ಮದಿ” ಎಂದು ಬಡಗಿಗೆ ಜಂಬದಿಂದ ಹೇಳಿದೆ. ಅರ್ಧ ಎತ್ತರ ಸಾಕು ಅಂತ. ಅವನು ತಲೆಯಾಡಿಸಿದ, ನಾನು ಆಫೀಸಿಗೆ ಹೋದೆ.

ಶುಕ್ರವಾರ ಸಂಜೆ ಬಂದು ನೋಡಿದರೆ ಜಗಲಿ ಕೊಳದ ಅಂಚಿಗೆ ಇನ್ನೊಂದು ಗೇಣು ಇದೆ ಅನ್ನುವವರೆಗೆ ಎದ್ದಿತ್ತು! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೀಯಲ್ಲೋ ಎಂದು ಕನ್ನಡದಲ್ಲೇ ಕೂಗಾಡಿದೆ. ಅವನು ಸೊಂಟದ ಮೇಲೆ ಕೈಯಿಟ್ಟುಕೊಂಡು, “ಅರ ಪೊಕ್ಕಂ, ಚೇಚಿ!” ಎಂದ. ನಾನು ಕೈಬೆರಳಿನಿಂದ ಗಾಳಿಯನ್ನು ಅರ್ಧಕ್ಕೆ ಕತ್ತರಿಸಿ ತೋರಿಸಿದೆ. ಅವನು ಮತ್ತೆ ಸೊಂಟ ತಟ್ಟಿದ. ಪಕ್ಕದ ಮನೆಯವರು ಕಿಟಕಿಗೆ ಬಂದರು.

ಮರುದಿನ ಬಂದ ಗಂಡ ವಿಷಯ ಕೇಳಿ, ನಗುತ್ತಾ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಮಲಯಾಳದಲ್ಲಿ ಅರ ಎಂದರೆ ಅರ್ಧವೂ ಹೌದು, ಸೊಂಟವೂ ಹೌದಂತೆ! “ಎಂತ ಮಾರಾಯ್ತಿ, ಸೊಂಟದೆತ್ತರ ಅಂತ ಹೇಳಿ ಬಯ್ಯುದಾ ಅವನಿಗೆ?” ಎಂದರು. ನಾನು ಮುಖ ಊದಿಸಿಕೊಂಡೆ. ಒಂದು ಭಾಷೆ ಸೊಂಟಕ್ಕೆ ಬೇರೆ ಪದ ಇಟ್ಟುಕೊಳ್ಳಬಾರದೇ?

ಬಿಚ್ಚಿಸುವುದೇ ಎಂದು ನಾವು ಚರ್ಚೆ ಮಾಡುತ್ತಿದ್ದಾಗ ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು. “ಅಷ್ಟು ಎತ್ತರ ಇದ್ರೆ ಕಾಲು ದಾಟಿಸ್ಲಿಕ್ಕೆ ಆಗ್ತದೆ” ಎಂದರು. ಹೌದಲ್ಲ! ನನ್ನ ಅರ್ಧದ ಜಗಲಿ ಆಗಿದ್ದರೆ ಅತ್ತೆಯ ಮುಂದೆ ತೊಡೆಯೆತ್ತರದ ಗೋಡೆ ಉಳಿಯುತ್ತಿತ್ತು. ಹತ್ತಿಸಿ, ಅಲ್ಲಿ ನಿಲ್ಲಿಸಿ, ಮತ್ತೆ ಇಳಿಸಿಕೊಂಡು ಬರಬೇಕಿತ್ತು.

ಅಂಚಿನ ಮಟ್ಟಕ್ಕೆ ಒಂದು ಪುಟ್ಟ ಬೆಂಚು ಸೇರಿಸಿದ ಮೇಲೆ, ಭಾನುವಾರ ಅತ್ತೆ ಪಕ್ಕದ ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲು ಹತ್ತಿದರು. ಹಳೆಯ ಹತ್ತಿ ಸೀರೆಯನ್ನು ಮಂಡಿವರೆಗೆ ಎತ್ತಿ ಕಟ್ಟಿದ್ದೆ. ಬೆಂಚಿನ ಮೇಲೆ ಕೂತು ಒಂದು ಕಾಲು ದಾಟಿಸಿದರು. ಇನ್ನೊಂದನ್ನು ಎರಡೂ ಕೈಯಲ್ಲಿ ಎತ್ತಿ ದಾಟಿಸಿದರು. ಒಳಗಿನ ಏಣಿ ಹಿಡಿದು, ನೀರಲ್ಲಿ ನಿಂತಿದ್ದ ಮಗನ ತೋಳಿಗೆ ಆತುಕೊಂಡರು.

“ಬಿಡು ಮಾರಾಯ” ಎಂದರು ಅತ್ತೆ, “ನೀನು ಹೀಗೆ ಹಿಡ್ಕೊಂಡ್ರೆ ನಾನು ನಡೆಯುದು ಹೇಗೆ?”

ಗಂಡ ಕೈ ಬಿಟ್ಟರು. ಅತ್ತೆ ನಡೆದರು. ನಾನು ಜಗಲಿಯ ಮೇಲೆ ಕುಸಿದು ಕೂತು, ಪಕ್ಕದ ಮನೆಯವರು ಮತ್ತೆ ಕಿಟಕಿಗೆ ಬರುವಷ್ಟು ಜೋರಾಗಿ ಅತ್ತೆ.