ದಿಂಬಿನ ಚೀಲದ ಮೂಲೆಯಲ್ಲಿ ನನ್ನ ಹೆಸರು

ಅಕ್ಕಾ, ಆ ದಿಂಬಿನ ಚೀಲ ಹೊಲಿದವಳು ನಾನಲ್ಲ. ಇದು ನಿನಗೆ ಗೊತ್ತು, ತೀರಿಹೋದ ಅವ್ವನಿಗೂ ಗೊತ್ತಿತ್ತು. ಆದರೆ ಅದೇ ಚೀಲದ ವಿಷಯಕ್ಕೆ ನನ್ನ ಅತ್ತೆ ಒಂದು ಮಾತು ಹೇಳಿದ್ದರು — ನಿನಗೆ ಸೇರಬೇಕಾದ ಮಾತು. ಅದನ್ನು ನಾನು ನಿನಗೆ ಮುಟ್ಟಿಸಲೇ ಇಲ್ಲ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ನಿನ್ನೆದುರು ನಗುನಗುತ್ತ ಓಡಾಡಿದೆನಲ್ಲ, ಎಂಥವಳು ನಾನು!

ಮೊದಲು ನಿನ್ನ ಕೈಯ ವಿಷಯ ಹೇಳಿಬಿಡುತ್ತೇನೆ. ಹೇಳದಿದ್ದರೆ ನಾನು ಕದ್ದದ್ದೇನು ಅಂತ ಓದುವವರಿಗೆ ತಿಳಿಯುವುದಿಲ್ಲ.

ಎಪ್ಪತ್ತರ ದಶಕದಲ್ಲಿ ಕೊಟ್ಟೂರಿನ ನಮ್ಮ ಮನೆಗೆ ಹೊಲಿದ ಬಟ್ಟೆ ಅಂಗಡಿಯಿಂದ ಬಂದದ್ದೇ ಇಲ್ಲ. ಅಪ್ಪನ ಅಂಗಿ, ಅವ್ವನ ಕುಬಸ, ತಮ್ಮನ ಚಡ್ಡಿ, ನನ್ನ ಲಂಗ — ಎಲ್ಲಾ ನಿನ್ನವೇ. ಚಿಕ್ಕವಳಿದ್ದಾಗ ಬಂದ ಜ್ವರ ನಿನ್ನ ಎಡಗಾಲನ್ನು ಒಣಗಿಸಿಬಿಟ್ಟಿತ್ತು. ಕಾಲಲ್ಲಿ ತುಳಿಯುವ ಮಷೀನು ಆಗದು ಎಂದು ಅಪ್ಪ ಕೈಲಿ ತಿರುಗಿಸುವ ಹಳೇ ಮಷೀನು ತಂದುಕೊಟ್ಟರು. ಪಕ್ಕದ ಮನೆಯ ಹುಸೇನ್‌ಬಿ ನಿನಗೆ ಕಲಿಸಿದರು. ಅವರು ಹೊಲಿಗೆಯ ಮೇಲ್ಮೈ ನೋಡುತ್ತಲೇ ಇರಲಿಲ್ಲ. "ಮೊದ್ಲ ತಿರುವಿ ತೋರ್ಸು ಬೇಟಿ" ಅನ್ನುತ್ತಿದ್ದರು. ಒಳಮೈಯಲ್ಲಿ ಒಂದು ಗಂಟು ಕಂಡರೂ ಪೂರ್ತಿ ಬಿಚ್ಚಿಸುತ್ತಿದ್ದರು. ನೀನು ಮುಖ ಸಿಂಡರಿಸದೆ ಬಿಚ್ಚುತ್ತಿದ್ದೆ. ನಾನಾಗಿದ್ದರೆ ಬಟ್ಟೆಯನ್ನೇ ಅವರ ಮುಂದೆ ಒಗೆದು ಬರುತ್ತಿದ್ದೆ.

ಉಳಿದ ತುಂಡುಗಳನ್ನು ನೀನು ಎಸೆದದ್ದು ನಾನು ಕಾಣೆ. ಓಣಿಯಲ್ಲಿ ಕೂಸು ಹುಟ್ಟಿದರೆ ಕುಲಾವಿ, ಮುದುಕಿಯರಿಗೆ ಎಲೆ-ಅಡಿಕೆಯ ಸಂಚಿ, ಮದುವೆಯಾಗಿ ಹೋಗುವ ಗೆಳತಿಯರಿಗೆ ಗಿಳಿ ಕೂತ ಬಾಗಿಲ ತೋರಣ. ಯಾರಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಅವರನ್ನು ಕೇಳದೆಯೇ ನಿನಗೆ ಗೊತ್ತಾಗುತ್ತಿತ್ತು. ನೀನು ಕೊಟ್ಟ ಕುಲಾವಿ ಒಂದು ಕೂಸಿಗೆ ಸಣ್ಣದಾದರೆ ತೊಳೆದು ಮಡಿಸಿ ಮುಂದಿನ ಕೂಸಿಗೆ ಎತ್ತಿಡುತ್ತಿದ್ದರು. ನನ್ನ ಕೈಯಲ್ಲಿ ಸೂಜಿ ಕೊಟ್ಟರೆ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚುತ್ತಿತ್ತು. ನಗಬೇಡ, ಖರೆ.

ಹಡಗಲಿಯಿಂದ ನನ್ನನ್ನು ನೋಡಲು ಬರುತ್ತಾರೆಂದು ಗೊತ್ತಾದ ದಿನ ಅವ್ವ ನಿನ್ನ ಪೆಟ್ಟಿಗೆ ತೆರೆದಳು. ಆಗಿನ ಕಾಲ ಹಾಗೇ ಅಲ್ಲವೇ — ಹೆಣ್ಣು ನೋಡಲು ಬಂದವರಿಗೆ ಹುಡುಗಿ ಮಾಡಿದ ಕೈಕೆಲಸವನ್ನೂ ತೋರಿಸಬೇಕು. ಅವ್ವ ತೋರಣ ಬಾಗಿಲಿಗೆ ಕಟ್ಟಿದಳು, ಹಾಸು ಹಾಸಿದಳು. ಆ ಬಿಳಿ ದಿಂಬಿನ ಚೀಲವನ್ನು ನಿನ್ನ ಕೈಗೇ ಕೊಟ್ಟು, "ಮೂಲ್ಯಾಗ ಪಾರ್ವತಿ ಅಂತ ಹಾಕವ್ವಾ" ಅಂದಳು. ನೀನು ಒಂದು ಕ್ಷಣ ಅವಳ ಮುಖ ನೋಡಿದೆ. ಆಮೇಲೆ ಕೆಂಪು ದಾರ ಪೋಣಿಸಿದೆ. ನನ್ನ ಹೆಸರನ್ನು ಅಷ್ಟು ಚಂದ ಯಾರೂ ಬರೆದಿಲ್ಲ ಅಕ್ಕಾ, ನಾನೂ ಬರೆದಿಲ್ಲ.

ಬಂದವರು ಬಟ್ಟೆ ಅಂಗಡಿಯ ಮನೆತನದವರು. ಹುಡುಗ ತಲೆ ಬಗ್ಗಿಸಿ ಕೂತಿದ್ದರು. ಅವರ ತಾಯಿ, ಅಂದರೆ ಮುಂದೆ ನನ್ನ ಅತ್ತೆಯಾದವರು, ನನ್ನ ಮುಖವನ್ನು ಅರೆಗಳಿಗೆ ನೋಡಿ ದಿಂಬಿನ ಚೀಲ ಎತ್ತಿಕೊಂಡರು. ಎತ್ತಿಕೊಂಡವರೇ ತಿರುವಿದರು! ಥೇಟ್ ಹುಸೇನ್‌ಬಿ. ಒಳಮೈಯ ಮೇಲೆ ಬೆರಳಾಡಿಸಿ ಕೇಳಿದರು:

"ಯಾರ ಹೊಲ್ದಾರ ಇದನ್ನ?"

"ನಾನ ಹೊಲ್ದೀನ್ರಿ" ಅಂದೆ.

ನೀನು ಮಂಡಕ್ಕಿಯ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬೇರೆ ಯಾರಾದರೂ ಆಗಿದ್ದರೆ ತಾಟು ಅಲ್ಲೇ ಇಟ್ಟು ಒಳಗೆ ಹೋಗುತ್ತಿದ್ದರು. ನೀನು ಕುಂಟುತ್ತ ಬಂದು, "ಹೂನ್ರಿ, ನಮ್ಮ ಪಾರಿ ಕೈ ಭಾಳ ಚೊಲೋ ಐತ್ರಿ" ಅಂದೆ. ಅಷ್ಟೇ ಅಲ್ಲ — ನಕ್ಕೆ ಕೂಡ.

"ಈ ಕೈ ನಮ್ಮ ಮನಿಗೆ ಬೇಕವ್ವಾ" ಅಂದರು ಅತ್ತೆ. ಮದುವೆ ನಿಶ್ಚಯವಾಯಿತು.

ಗಂಡನ ಮನೆಯಲ್ಲಿ ಹೊಲಿಗೆ ಮಷೀನು ನನಗಾಗಿ ಕಾದಿತ್ತು. ತಲೆನೋವು, ಸೊಂಟನೋವು, ಕಣ್ಣುರಿ — ನನ್ನ ಬಳಿ ಇದ್ದ ನೆಪಗಳನ್ನೆಲ್ಲ ಖರ್ಚು ಮಾಡಿದೆ. ಬಸುರಿಯಾಗಿ ತವರಿಗೆ ಬಂದಾಗ ನಿನ್ನ ಮುಂದೆ ಅತ್ತುಬಿಟ್ಟೆ. "ಅಳಬ್ಯಾಡ ಲೇ ಪಾರಿ. ಬಾ, ಆ ಸುಳ್ಳನ್ನ ಖರೇ ಮಾಡೋಣು" ಅಂದೆ ನೀನು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕತ್ತರಿ ಹಿಡಿಯುವುದರಿಂದ ಕಲಿಸಿದೆ. ಗಂಟು ಕಂಡರೆ ಬಿಚ್ಚಿಸಿದೆ. ನಾನು ರೇಗಿದರೆ ಬೆಲ್ಲ-ಶೇಂಗಾ ಕೊಟ್ಟು ಮತ್ತೆ ಬಿಚ್ಚಿಸಿದೆ. ನನ್ನ ಮಗನ ಮೊದಲ ಕುಲಾವಿಯನ್ನು ನಾನೇ ಹೊಲಿದೆ. ನಿನ್ನಿಂದ ಕಸಿದುಕೊಂಡಿದ್ದ ಹೆಸರಿಗೆ ತಕ್ಕವಳಾಗಿ ನನ್ನನ್ನು ಮಾಡಿದವಳೂ ನೀನೇ — ಇಂಥ ಮನಸ್ಸು ನಿನಗೆ ಎಲ್ಲಿಂದ ಬಂತೋ ನಾ ಕಾಣೆ.

ಇನ್ನು ಆ ಮಾತು.

ಬಾಣಂತನ ಮುಗಿದ ಮೇಲೆ ನನ್ನನ್ನು ಕರೆದೊಯ್ಯಲು ಅತ್ತೆ ಬಂದಿದ್ದರು. ನೀನು ಕಿಟಕಿಯ ಪಕ್ಕ ಕೂತು ಕೂಸಿನ ಅಂಗಿಗೆ ಹೂ ಹಾಕುತ್ತಿದ್ದೆ. ಅವರು ನಿನ್ನ ಹತ್ತಿರ ಬಹಳ ಹೊತ್ತು ಕೂತರು. ಅಂಗಿಯನ್ನು ತಿರುವಿ ನೋಡಿದರು. ನಿನಗೆ ಏನೂ ಅನ್ನಲಿಲ್ಲ. ಬಸ್ಸು ಇಟ್ಟಿಗಿ ದಾಟಿದ ಮೇಲೆ, ಮಲಗಿದ್ದ ಕೂಸನ್ನು ನನ್ನ ತೊಡೆಯಿಂದ ತಮ್ಮ ತೊಡೆಗೆ ಎತ್ತಿಕೊಳ್ಳುತ್ತ ಅಂದರು:

"ಮೊದ್ಲ ಹೇಳಿದ್ರ ಇಬ್ಬರನ್ನೂ ನೋಡ್ತಿದ್ದೆ ಪಾರ್ವತಿ. ನಾ ಅವತ್ತ ಕೈ ಕೇಳಾಕ ಬಂದಿದ್ದೆ. ಕಾಲಿಂದ ನಮಗೇನಾಗಬೇಕಿತ್ತು?"

ಆಮೇಲೆ ತಾವೇ, "ಆಗಿದ್ದು ಆತು ಬಿಡು. ನೀನೂ ನಮ್ಮಾಕಿನ" ಅಂದು ನನ್ನ ಸೆರಗು ಸರಿಮಾಡಿದರು. ಸಾಯುವವರೆಗೆ ಆ ಸುದ್ದಿ ಎತ್ತಲಿಲ್ಲ. ಅವರೂ ದೊಡ್ಡವರು.

ಎರಡು ವರ್ಷ ಕಳೆದಿರಬೇಕು. ಹರಪನಹಳ್ಳಿಯ ಒಂದು ಮನೆಯವರು ನಿನ್ನನ್ನು ಕೇಳಿ ಹೇಳಿಕಳಿಸಿದ್ದರು, ನೆನಪಿದೆಯಲ್ಲ? ಹುಡುಗ ಕೂಡ್ಲಿಗಿಯಲ್ಲಿ ಮೇಷ್ಟ್ರು. ಬಾಗಿಲ ತೋರಣ ನೋಡಿಯೇ ಕೇಳಿದವರು ಅವರು. ನಾನು ತವರಿಗೆ ಬಂದಿದ್ದೆ. ಅವ್ವ ಎಷ್ಟು ಹೇಳಿದರೂ ನೀನು ಒಪ್ಪಲಿಲ್ಲ. ಮಷೀನಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಕೇಳಿದೆ: "ನೀನ ಹೇಳು ಪಾರಿ. ಈ ಕಾಲ ನೋಡಿದ ಮ್ಯಾಲೂ ಯಾರರ ನನ್ನ ಬೇಕಂತಾರೇನು?"

ಅತ್ತೆಯ ಮಾತು ಬಾಯಿಯವರೆಗೆ ಬಂದಿತ್ತು ಅಕ್ಕಾ. ಬೇಕಂತಾರ, ನಮ್ಮ ಅತ್ತೀನ ಅಂದಾರ — ಇಷ್ಟು ಅಂದಿದ್ದರೆ ಸಾಕಿತ್ತು. ಆದರೆ ಹಾಗೆ ಅಂದರೆ ನೀನು ನನ್ನ ಗಂಡನನ್ನು, ನನ್ನ ಮನೆಯನ್ನು, ನನ್ನ ತೊಡೆಯ ಮೇಲಿದ್ದ ಕೂಸನ್ನು ಯಾವ ಕಣ್ಣಿಂದ ನೋಡುತ್ತೀಯೋ ಎಂದು...

"ನಿನಗ ತಿಳದಂಗ ಮಾಡಕ್ಕ" ಅಂದೆ.

ನೀನು ತಲೆಯಾಡಿಸಿ ಮಷೀನು ತಿರುಗಿಸಿದೆ. ಅಪ್ಪ ಅವರಿಗೆ ಬೇಡವೆಂದು ಹೇಳಿಕಳಿಸಿದರು. ಮತ್ತೆ ಯಾರೂ ಕೇಳಲಿಲ್ಲ.

ನೀನು ಅತ್ತುಕೊಂಡು ಕೂತವಳಲ್ಲ. ಆಮೇಲೆ ಎಷ್ಟು ಹುಡುಗಿಯರಿಗೆ ಹೊಲಿಗೆ ಕಲಿಸಿದೆ, ಎಷ್ಟು ಮನೆಗಳ ಬಾಗಿಲಲ್ಲಿ ನಿನ್ನ ಗಿಳಿಗಳಿವೆ! ಇವತ್ತಿಗೂ ತಮ್ಮನ ಮೊಮ್ಮಕ್ಕಳು ಅಂಗಡಿಯ ಅಂಗಿ ಬಿಟ್ಟು ನೀನು ಹೊಲಿದದ್ದನ್ನೇ ಹಟ ಮಾಡಿ ಹಾಕಿಕೊಳ್ಳುತ್ತಾರೆ. ನಿನ್ನ ಬದುಕು ಬರಿದಾಯಿತು ಎಂದು ನಾನು ಹೇಳುತ್ತಿಲ್ಲ, ಹಾಗನ್ನಲು ನಾನ್ಯಾರು? ಆದರೆ ಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ನಿನ್ನ ಬಳಿ ಆ ಮಾತು ಇರಬೇಕಿತ್ತು. ನಿನ್ನನ್ನು ಬೇಡವೆನ್ನದ ಒಬ್ಬರು ಈ ಲೋಕದಲ್ಲಿ ಇದ್ದರು ಎಂಬುದು ನಿನಗೆ ಗೊತ್ತಿರಬೇಕಿತ್ತು.

ನಿನ್ನೆ ಪೆಟ್ಟಿಗೆಯಿಂದ ದಿಂಬಿನ ಚೀಲ ತೆಗೆದೆ. ಬಿಳಿ ಬಟ್ಟೆ ಹಳದಿಗೆ ತಿರುಗಿದೆ, ಹೊಲಿಗೆ ಒಂದೂ ಬಿಟ್ಟಿಲ್ಲ. ಮೂಲೆಯಲ್ಲಿದ್ದ ನನ್ನ ಹೆಸರನ್ನು ಸೂಜಿಯ ತುದಿಯಿಂದ ಒಂದೊಂದೇ ಎಳೆ ಎತ್ತಿ ಬಿಚ್ಚಿದೆ, ನೀನು ಕಲಿಸಿದ ಹಾಗೆಯೇ, ಬಟ್ಟೆ ಹರಿಯದಂತೆ. ಅಕ್ಷರ ಹೋದರೂ ಸಣ್ಣ ಸಣ್ಣ ತೂತುಗಳು ಉಳಿದಿವೆ.

ನಾಳೆ ಮೊದಲ ಬಸ್ಸಿಗೆ ಅದನ್ನು ತೆಗೆದುಕೊಂಡು ಬರುತ್ತೇನೆ. ಅತ್ತೆ ಅಂದದ್ದನ್ನು ಅವರು ಅಂದ ಹಾಗೆಯೇ ಹೇಳುತ್ತೇನೆ. ನೀನು ಕೇಳುತ್ತೀ: "ಅವತ್ತ ಯಾಕ ಹೇಳ್ಲಿಲ್ಲ ಲೇ ಪಾರಿ?"

ಅಕ್ಕಾ, ನೆಪ ಹುಡುಕುವುದನ್ನು ಬಿಟ್ಟು ಬರುತ್ತಿದ್ದೇನೆ. ನಿನ್ನ ಮುಂದೆ ಕೂರುತ್ತೇನೆ. ನೀನು ಬೈದರೂ ಎದ್ದು ಹೋಗುವುದಿಲ್ಲ. ಬೈಯದಿದ್ದರೂ ಎದ್ದು ಹೋಗುವುದಿಲ್ಲ.